ಊಟಿಯಲ್ಲಿ ಮೊದಲ ಓಟ: ಕರಾವಳಿಯ ಯುವಕರು ತಿಳಿದಿರಬೇಕಾದದ್ದು

ಊಟಿ (ಉದಕಮಂಡಲ) ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಲ್ಲಿ 10,000 ಮೀಟರ್ ಓಟದ ವಿಶ್ವದಾಖಲೆಗಾರ, ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಕುಸಿದು ಬಿದ್ದಿದ್ದರು. ಕಾರಣ, ಎತ್ತರದಲ್ಲಿ ಗಾಳಿ ತೆಳು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಮ್ಮಿ. ಮಂಗಳೂರಿನವರಿಗೆ ಮಾತ್ರವಲ್ಲ, ಗೂಡಲೂರಿನವರಿಗೂ ಊಟಿ ದುಪ್ಪಟ್ಟು ಎತ್ತರವೇ.

ಮೊದಲ ಸಲಕ್ಕೆ 5 ಕಿ.ಮೀ. ಸಾಕು. ಎಂಟು ವಾರ ಮೊದಲೇ ತಯಾರಿ ಶುರುವಾಗಲಿ. ವಾರಕ್ಕೆ ಮೂರು ದಿನ, ಸುಬ್‌ಹಿ ನಮಾಝ್ ಮುಗಿಸಿ ಅರ್ಧ ಗಂಟೆ: ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ. ಬರಬರುತ್ತಾ ನಡಿಗೆ ಇಳಿಸಿ ಓಟ ಹೆಚ್ಚಿಸಬೇಕು. ಜೊತೆಗಾರನಲ್ಲಿ ಮಾತಾಡಲು ಆಗುವಷ್ಟೇ ವೇಗ ಇರಲಿ.

ಮಸಿನಗುಡಿಯಲ್ಲಿ ಅಭ್ಯಾಸ ಮಾಡುವವರು ಬೆಳಕು ಹರಿಯುವ ಮೊದಲು ಕಾಡಿನ ರಸ್ತೆಗೆ ಇಳಿಯಲೇಬಾರದು. ಅದು ಮುದುಮಲೆ ಹುಲಿ ಸಂರಕ್ಷಿತ ಪ್ರದೇಶ, ಆನೆ ಎದುರಾಗಬಹುದು.

ಅಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಓಟದ ದಿನ ಹೊಸ ಶೂ, ಹೊಸ ಆಹಾರ ಬೇಡ. ಊರಲ್ಲಿ ಓಡುವುದಕ್ಕಿಂತ ನಿಧಾನವಾಗಿ ಶುರು ಮಾಡಬೇಕು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಬೇಕು. ಗೆಳೆಯರು ನಗುತ್ತಾರೆಂದು ಮುಂದೆ ಓಡಬಾರದು.