ಹಸಿರು ತುಕ್ಕಿಗೆ ದೊರೆತ ಹೆಸರು

ತುಕ್ಕು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೆಂಗಂದು ಬಣ್ಣ. ಆದರೆ ಹಸಿರು ತುಕ್ಕು ಕೂಡ ಉಂಟು. ಅದು ಗಾಳಿ ಸೋಕದ ಕಡೆ ಮಾತ್ರ ಬಾಳುತ್ತದೆ. ಅದಕ್ಕೆ ಖನಿಜಗಳ ಪಟ್ಟಿಯಲ್ಲಿ ಸ್ಥಾನ ದೊರೆತ ಕಥೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹಿಡಿಸೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಬಹುಕಾಲ ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ತೀರಿಹೋಗುತ್ತದೆ. ಆಗ ಕೆಲವು ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಕಬ್ಬಿಣದ ಆಕ್ಸೈಡುಗಳನ್ನೇ ಬಳಸುತ್ತವೆ. ಮಣ್ಣು ನೀಲಿ-ಹಸಿರು ಛಾಯೆಗೆ ತಿರುಗುತ್ತದೆ. ಇಂಥ ಮಣ್ಣಿಗೆ ‘ಗ್ಲೇ’ ಎಂಬ ಹೆಸರನ್ನು 1905ರಲ್ಲಿ ಬಳಕೆಗೆ ತಂದವರು ರಷ್ಯಾದ ವಿಜ್ಞಾನಿ ವೈಸೋಟ್ಸ್ಕಿ. ಬಣ್ಣಕ್ಕೆ ಹೆಸರಾಯಿತು, ಬಣ್ಣ ಕೊಡುವ ವಸ್ತು ಮಾತ್ರ ಕೈಗೆ ಸಿಗಲಿಲ್ಲ. ಅಗೆದು ಮೇಲೆತ್ತಿದ ಮಣ್ಣು ಗಾಳಿ ತಾಗಿ ಕಾವಿಯಾಗುತ್ತಿತ್ತು. ನೋಡಹೊರಟರೆ ನೋಡಬೇಕಾದದ್ದೇ ಇಲ್ಲವಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದ್ದು ಫ್ರಾನ್ಸಿನಲ್ಲಿ. ಬ್ರಿಟನಿ ಪ್ರಾಂತದ ಫೂಜೇರ್ ಅರಣ್ಯದ ಮಣ್ಣಿನಲ್ಲಿ ಹಸಿರು ತುಕ್ಕು ಇರುವುದನ್ನು ಫ್ಯಾಬಿಯೆನ್ ತ್ರೋಲಾರ್, ಗಿಲೆಮ್ ಬೂರಿಯೆ, ಝಾನ್-ಮರಿ ಝೆನೆನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. ಅವರಿಗೆ ನೆರವಾದ ವಿಧಾನಗಳು ಎರಡು. ಒಂದು, ನಮ್ಮ ಸಿ. ವಿ. ರಾಮನ್ನರು 1928ರಲ್ಲಿ ಕಂಡ ಪರಿಣಾಮವನ್ನು ಆಧರಿಸಿದ್ದು. ಇನ್ನೊಂದು, ಜರ್ಮನಿಯ ರುಡಾಲ್ಫ್ ಮಾಸ್‌ಬವರ್ 1958ರಲ್ಲಿ ಪ್ರಕಟಿಸಿದ ಪರಿಣಾಮವನ್ನು ಆಧರಿಸಿದ್ದು. ಇದು ಗಾಮಾ ಕಿರಣಗಳಿಂದ ಕಬ್ಬಿಣದ ಎರಡು ಬಗೆಯ ಅಯಾನುಗಳನ್ನು ಬೇರ್ಪಡಿಸಿ ತೋರುತ್ತದೆ. ಹಸಿರು ತುಕ್ಕಿನಲ್ಲಿ ಆ ಎರಡೂ ಒಂದೇ ಪದರದಲ್ಲಿ ಕೂಡಿರುತ್ತವೆ.

ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘವು 2004ರಲ್ಲಿ ಇದನ್ನು ಹೊಸ ಖನಿಜವೆಂದು ಮನ್ನಿಸಿತು. ಹುಟ್ಟೂರಿನ ನೆನಪಿಗೆ ‘ಫೂಜೆರೈಟ್’ ಎಂಬ ಹೆಸರಾಯಿತು. ಮಂಗಳ ಗ್ರಹಕ್ಕೆ ಹೋದ ಸ್ಪಿರಿಟ್, ಆಪರ್ಚುನಿಟಿ ವಾಹನಗಳಿಗಾಗಿ ರೂಪಿಸಿದ್ದಂಥ ಪುಟ್ಟ ಮಾಸ್‌ಬವರ್ ಉಪಕರಣವನ್ನು ಅದೇ ಕಾಡಿನ ನೆಲದೊಳಗೆ ಇಳಿಸಿ, ಮಣ್ಣನ್ನು ಎತ್ತದೆಯೇ ಪರೀಕ್ಷಿಸಿದ ಫಲಿತಾಂಶ 2005ರಲ್ಲಿ ಹೊರಬಂತು. 2012ರಲ್ಲಿ ಇದರ ಬಳಗಕ್ಕೆ ಸೇರಿದ ಇನ್ನೆರಡು ಖನಿಜಗಳಿಗೂ ಮನ್ನಣೆ ದೊರೆಯಿತು. ಒಂದರ ಹೆಸರು ‘ಮಾಸ್‌ಬವರೈಟ್’!

ಇದು ಬರಿಯ ನಾಮಕರಣದ ಮಾತಲ್ಲ. ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟು ಅಂತರ್ಜಲಕ್ಕೆ ಇಳಿದು ಕುಡಿಯುವ ನೀರನ್ನು ಕೆಡಿಸುತ್ತದೆ. ಹಸಿರು ತುಕ್ಕು ನೈಟ್ರೇಟನ್ನು ಅಮೋನಿಯಂ ಆಗಿ ಮಾರ್ಪಡಿಸಬಲ್ಲದೆಂದು ಪ್ರಯೋಗಾಲಯದಲ್ಲಿ 1996ರಲ್ಲೇ ತೋರಿಸಲಾಗಿತ್ತು. ನೆಲದೊಳಗೆ ಏನಿದೆಯೆಂದು ತಿಳಿಯದೆ ಅಲ್ಲಿನ ನೀರಿನ ಗತಿಯನ್ನು ಅರಿಯಲಾಗದು. ಕೆಲವನ್ನು ನಮ್ಮ ಬಳಿಗೆ ಎಳೆತಂದು ನೋಡಲಾಗುವುದಿಲ್ಲ, ಮಕ್ಕಳೇ. ಅವು ಇರುವಲ್ಲಿಗೆ ನಾವೇ ಹೋಗಬೇಕು.