ಉಳುಕಿದ ಕಾಲಿಗೆ ವಿಶ್ರಾಂತಿಯೋ, ನಡಿಗೆಯೋ?

ಮೆಟ್ಟಿಲು ಇಳಿಯುವಾಗ ಪಾದ ಹೊರಳುತ್ತದೆ. ಗಳಿಗೆಯೊಳಗೆ ಕಾಲಿನ ಹರಡು ಊದಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರು ಐಸ್ ಇಡಿ ಎಂದರೆ, ಇನ್ನೊಬ್ಬರು ಬಿಸಿನೀರಿನ ಶಾಖ ಕೊಡಿ ಎನ್ನುತ್ತಾರೆ. ಅಜ್ಜಿ ಎಣ್ಣೆ ಹಚ್ಚಿ ನೀವಲು ಮುಂದಾಗುತ್ತಾರೆ. ಹದಿನೈದು ದಿನ ಕಾಲು ನೆಲಕ್ಕೂರಬಾರದು ಎಂಬುದು ಒಬ್ಬರ ಸಲಹೆ. ಕೂತರೆ ಕಾಲು ಹಿಡಿದುಕೊಳ್ಳುತ್ತದೆ, ನಡೆದಾಡಿ ಎಂಬುದು ಮತ್ತೊಬ್ಬರದು. ಪೆಟ್ಟಾದ ಕೀಲಿಗೆ ವಿಶ್ರಾಂತಿ ಬೇಕೋ, ಚಲನೆ ಬೇಕೋ ಎಂಬ ಈ ಜಗಳ ವೈದ್ಯರಲ್ಲೂ ಬಹುಕಾಲ ನಡೆದಿದೆ.

ಜಗಳಕ್ಕೆ ಕಾರಣ ದೇಹದಲ್ಲೇ ಇದೆ. ಕೀಲಿನಲ್ಲಿ ಮೂಳೆಗಳನ್ನು ಹಿಡಿದಿಡುವ ನಾರಿನ ಪಟ್ಟಿಗಳಿಗೆ ಅಸ್ಥಿರಜ್ಜು ಎಂದು ಹೆಸರು. ಇವು ಹಿಗ್ಗಿದರೆ ಅಥವಾ ಹರಿದರೆ ಅದು ಉಳುಕು. ಮಾಂಸಖಂಡದ ಎಳೆಗಳು ಹರಿದರೆ ಸ್ನಾಯು ಸೆಳೆತ; ಮೂಳೆಯ ತುದಿಯೇ ಸ್ಥಾನ ಬಿಟ್ಟರೆ ಕೀಲು ತಪ್ಪಿದಂತೆ. ಹರಿದ ಎಳೆ ಕೂಡಿಕೊಳ್ಳಲು ಬಿಡುವು ಬೇಕು. ಆದರೆ ಬಹುದಿನ ಅಲ್ಲಾಡದೆ ಇಟ್ಟರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡು.

ಸುಶ್ರುತ ಸಂಹಿತೆಯಲ್ಲಿ ಕೀಲು ತಪ್ಪುವುದರಲ್ಲಿ 6 ಬಗೆ, ಮೂಳೆ ಮುರಿಯುವುದರಲ್ಲಿ 12 ಬಗೆ ಹೇಳಲಾಗಿದೆ. ಎಳೆದು, ಒತ್ತಿ, ಸ್ಥಾನಕ್ಕೆ ಕೂರಿಸಿ, ದಬ್ಬೆ ಇಟ್ಟು ಬಟ್ಟೆ ಕಟ್ಟುವ ಕ್ರಮವೂ ಅಲ್ಲಿದೆ. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟು ಬದಲಿಸಬೇಕು. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಅತಿ ಬಿಗಿಯಾದರೆ ಊತ, ನೋವು ಎಂಬ ಎಚ್ಚರಿಕೆಯೂ ಇದೆ. ಎಲ್ಲಕ್ಕಿಂತ ಕುತೂಹಲಕರವಾದದ್ದು ಅಂಗೈಗೆ ಪೆಟ್ಟಾದವನಿಗೆ ಹೇಳಿರುವ ಸಾಧನೆ: ಮೊದಲು ಸಗಣಿಯ ಉಂಡೆ ಹಿಡಿಯಬೇಕು, ಆಮೇಲೆ ಮಣ್ಣಿನ ಉಂಡೆ, ಕೈಗೆ ಬಲ ಬಂದ ಮೇಲೆ ಕಲ್ಲು. ವಿಶ್ರಾಂತಿಯ ನಂತರ ಭಾರವನ್ನು ಮೆಲ್ಲಮೆಲ್ಲನೆ ಏರಿಸಬೇಕೆಂಬ ವಿವೇಕ ಇಷ್ಟರಲ್ಲಿ ಅಡಗಿದೆ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಎರಡು ಮಾತುಗಳು ಎರಡು ಪಕ್ಷಗಳಾದವು. ಡಚ್ ಸೇನಾ ವೈದ್ಯ ಆಂಟೋನಿಯಸ್ ಮಥೈಸೆನ್ 1851ರಲ್ಲಿ ಪ್ಲಾಸ್ಟರ್ ಪಟ್ಟಿಯನ್ನು ರೂಪಿಸಿದ ಮೇಲೆ ಕೀಲನ್ನು ಕದಲದಂತೆ ಇಡುವುದು ಸುಲಭವಾಯಿತು. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್, ಪೆಟ್ಟಾದ ಕೀಲಿಗೆ ದೀರ್ಘವಾದ, ಅಡೆತಡೆಯಿಲ್ಲದ ವಿಶ್ರಾಂತಿಯೇ ಮದ್ದು ಎಂದು ಸಾರಿದ. ಈತ ಹುಟ್ಟಿದ್ದು ಮೂಳೆ ಕೂರಿಸುವ ನಾಟಿ ವೈದ್ಯರ ಮನೆತನದಲ್ಲಿ. ಆತ ರೂಪಿಸಿದ ಕಾಲಿನ ದಬ್ಬೆ ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಅನೇಕ ಸೈನಿಕರ ಜೀವ ಉಳಿಸಿತು. ಇತ್ತ ಪ್ಯಾರಿಸ್ಸಿನ ಲ್ಯೂಕಾ ಶಾಂಪಿಯೊನಿಯೇರ್ ಚಲನೆಯೇ ಜೀವ ಎಂದು ವಾದಿಸಿ, ಮುರಿದ ಮೂಳೆಗೂ ಬೇಗನೆ ನೀವಿಕೆ ಮತ್ತು ಹಗುರ ಚಲನೆ ಕೊಡತೊಡಗಿದ.

ಈ ನಡುವೆ ಇಂಗ್ಲೆಂಡಿನ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಮೂಳೆ ಕೂರಿಸುವವರ ಮುಂದೆ ಜನ ಸಾಲುಗಟ್ಟುತ್ತಿದ್ದರು. ವೈದ್ಯರು ಅವರನ್ನು ಹೀಗಳೆಯುತ್ತಿದ್ದಾಗ, ಅವರು ಗುಣಪಡಿಸುವುದೇನನ್ನು ಎಂದು ಕೇಳಿದವನು ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್. 1867ರ ಉಪನ್ಯಾಸದಲ್ಲಿ ಆತ, ಅವರಲ್ಲಿನ ಒಳ್ಳೆಯದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ. ವಾರ್ಟನ್ ಹುಡ್ ಎಂಬ ವೈದ್ಯ ರಿಚರ್ಡ್ ಹಟನ್ ಎಂಬ ನಾಟಿ ವೈದ್ಯನ ಬಳಿ ಆ ವಿದ್ಯೆ ಕಲಿತು 1871ರಲ್ಲಿ ಅದನ್ನು ಪ್ರಕಟಿಸಿದ. ಗುಟ್ಟು ಸರಳವಾಗಿತ್ತು. ಬಹುಕಾಲ ಕಟ್ಟಿಟ್ಟು ಬಿಗಿದುಹೋದ ಕೀಲನ್ನು ಹಟನ್ ಒಂದೇ ಜಗ್ಗಿಗೆ ಸಡಿಲಿಸುತ್ತಿದ್ದ. ಅಂದರೆ ವೈದ್ಯರ ಅತಿ ವಿಶ್ರಾಂತಿಯ ಫಲವನ್ನೇ ಆತ ಗುಣಪಡಿಸುತ್ತಿದ್ದ.

ಇಪ್ಪತ್ತನೆಯ ಶತಮಾನದಲ್ಲೂ ತಕ್ಕಡಿ ತೂಗುತ್ತಲೇ ಇತ್ತು. ಅಮೆರಿಕದ ಗೇಬ್ ಮಿರ್ಕಿನ್ 1978ರಲ್ಲಿ ನಾಲ್ಕು ಸೂತ್ರ ಕೊಟ್ಟರು: ವಿಶ್ರಾಂತಿ, ಐಸ್, ಒತ್ತುಪಟ್ಟಿ, ಪೆಟ್ಟಾದ ಭಾಗವನ್ನು ಎತ್ತರದಲ್ಲಿ ಇಡುವುದು. ಇಂಗ್ಲಿಷ್ ಮೊದಲಕ್ಷರಗಳು ಸೇರಿ 'ರೈಸ್' ಎಂದಾದ ಈ ಸೂತ್ರ ಜಗತ್ತಿನ ಆಟದ ಮೈದಾನಗಳನ್ನೆಲ್ಲ ತಲುಪಿತು. ಆದರೆ ಅದೇ ಮಿರ್ಕಿನ್ 2014ರಲ್ಲಿ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನೇ ತಿದ್ದಿಕೊಂಡರು. ಊತವೆಂಬುದು ಬರೀ ತೊಂದರೆಯಲ್ಲ, ದೇಹ ತನ್ನನ್ನು ರಿಪೇರಿ ಮಾಡಿಕೊಳ್ಳುವ ಕೆಲಸದ ಮೊದಲ ಹಂತ ಎಂಬುದು ಇದಕ್ಕೆ ಆಧಾರ. ನೋವು ತಗ್ಗಿಸಲು ಐಸನ್ನು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಬಹುದು, ಅಷ್ಟೆ. ಒಂದೆರಡು ದಿನ ಜೋಪಾನ, ಆಮೇಲೆ ನೋವು ತಡೆಯುವಷ್ಟು ಚಲನೆ, ದಿನದಿನಕ್ಕೆ ಹೆಚ್ಚು ಭಾರ ಎಂಬುದೇ ಸಾಧಾರಣ ಉಳುಕಿಗೆ ಇಂದಿನ ವೈದ್ಯರ ಸಲಹೆ.

ನಮ್ಮಲ್ಲಿ ಗರಡಿಯ ಉಸ್ತಾದರೂ ನಾಟಿ ವೈದ್ಯರೂ ತಲೆಮಾರುಗಳಿಂದ ಉಳುಕು ತೆಗೆಯುತ್ತ ಬಂದಿದ್ದಾರೆ. ಆಂಧ್ರದ ಪುತ್ತೂರಿನ ಬಿದಿರ ದಬ್ಬೆಯ ಕಟ್ಟು ಕರ್ನಾಟಕದಲ್ಲೂ ಹೆಸರುವಾಸಿ. ಪ್ಯಾಜೆಟ್ ಹೇಳಿದ ವಿವೇಕ ಇಲ್ಲಿಗೂ ಸಲ್ಲುತ್ತದೆ. ಮೂಳೆ ಮುರಿದಿದೆಯೇ ಎಂದು ತಿಳಿಯದೆ ಎಳೆಯುವುದು, ನೀವುವುದು ಅಪಾಯ. ಅತಿ ಬಿಗಿಯಾದ ಕಟ್ಟು ರಕ್ತ ಸಂಚಾರ ತಡೆದು ಕೈಯನ್ನು ಶಾಶ್ವತವಾಗಿ ಮುರುಟಿಸಬಲ್ಲದೆಂದು ಜರ್ಮನಿಯ ಫೋಕ್‌ಮನ್ 1881ರಲ್ಲೇ ವಿವರಿಸಿದ್ದ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ಉಳುಕಿದ ಕಾಲಿನಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಮೂಳೆಯನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಒಮ್ಮೆ ಉಳುಕಿದ ಹರಡು ಮತ್ತೆ ಉಳುಕುವ ಸಂಭವ ಹೆಚ್ಚು. ನೋವು ಹೋದೊಡನೆ ಆಟಕ್ಕಿಳಿಯದೆ, ಕೆಲವು ವಾರ ಒಂಟಿಕಾಲಲ್ಲಿ ನಿಂತು ಸಮತೋಲ ಸಾಧಿಸುವುದು, ಹಿಮ್ಮಡಿ ಎತ್ತಿಳಿಸುವುದು ಇದಕ್ಕೆ ತಡೆ. ಆಟಕ್ಕೆ ಮೊದಲು ಮೈ ಬೆಚ್ಚಗೆ ಮಾಡಿಕೊಳ್ಳುವುದು, ಹೊಸ ಕೆಲಸದ ಭಾರವನ್ನು ಒಮ್ಮೆಗೇ ಹೊರದಿರುವುದು ಸ್ನಾಯುಗಳಿಗೆ ರಕ್ಷೆ.

ವಿಶ್ರಾಂತಿಯ ಪಕ್ಷವೂ ಚಲನೆಯ ಪಕ್ಷವೂ ಅರ್ಧ ಸತ್ಯವನ್ನೇ ಹೇಳಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ನಿಜವಾದ ಪ್ರಶ್ನೆ. ಕಲ್ಲನ್ನು ಹಿಡಿಯುವ ದಿನ ಬಂದೇ ಬರುತ್ತದೆ, ಆದರೆ ಅದಕ್ಕೆ ಮೊದಲು ಮಣ್ಣಿನ ಉಂಡೆಯನ್ನು ಹಿಡಿದಿರಬೇಕು.