ಪ್ರಾರಂಭಿಕ ತಂತ್ರಾಂಶಗಳ ಸಂಘರ್ಷ

ಪ್ರಾರಂಭಿಕ ತಂತ್ರಾಂಶಗಳ ಸಂಘರ್ಷ ಎಂದರೆ ಗಣಕಯಂತ್ರವನ್ನು ಚಾಲನೆಗೊಳಿಸಿದ ಕೂಡಲೇ ತಾವಾಗಿಯೇ ಆರಂಭವಾಗುವ ಎರಡು ಅಥವಾ ಹೆಚ್ಚು ತಂತ್ರಾಂಶಗಳು ಒಂದೇ ಸಂಪನ್ಮೂಲವನ್ನು ಬಳಸಲು ಹೋಗಿ ಯಂತ್ರದ ಕೆಲಸವನ್ನು ಕೆಡಿಸುವ ಸ್ಥಿತಿ. 1980 ಮತ್ತು 1990ರ ದಶಕಗಳ ಮನೆಬಳಕೆಯ ಗಣಕಗಳಲ್ಲಿ ಇದು ಸಾಮಾನ್ಯವಾಗಿತ್ತು. ಒಂದೊಂದಾಗಿ ನಡೆಸಿದಾಗ ಸರಿಯಾಗಿರುವ ತಂತ್ರಾಂಶಗಳು ಒಟ್ಟಾದಾಗ ಮಾತ್ರ ತೊಂದರೆ ಕೊಡುವುದು ಇದರ ಮುಖ್ಯ ಲಕ್ಷಣ. ಆದಕಾರಣ ಇದರ ಪರಿಹಾರವು ತಂತ್ರಾಂಶಗಳನ್ನು ಅಳಿಸುವುದರಲ್ಲಿಲ್ಲ. ಅವುಗಳನ್ನು ತಾತ್ಕಾಲಿಕವಾಗಿ ತಡೆಹಿಡಿದು ಕ್ರಮಬದ್ಧವಾಗಿ ಪರೀಕ್ಷಿಸುವುದರಲ್ಲಿದೆ.

ಹಿನ್ನೆಲೆ

1981ರಲ್ಲಿ ಬಂದ ಐಬಿಎಂ ಪಿಸಿ ಮತ್ತು ಅದನ್ನು ಅನುಸರಿಸಿದ ಗಣಕಗಳಲ್ಲಿ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬಳಕೆಯಲ್ಲಿತ್ತು. ಡಾಸ್ ಒಂದು ಸಲಕ್ಕೆ ಒಂದೇ ತಂತ್ರಾಂಶವನ್ನು ನಡೆಸುವಂತೆ ರಚಿತವಾಗಿತ್ತು. ಆದರೆ ಕೆಲವು ತಂತ್ರಾಂಶಗಳು ತಮ್ಮ ಕೆಲಸ ಮುಗಿದ ಮೇಲೂ ಮೆಮೊರಿಯಲ್ಲಿ ಉಳಿದುಕೊಂಡು, ಗೊತ್ತಾದ ಕೀಲಿಯನ್ನು ಒತ್ತಿದಾಗ ಮತ್ತೆ ಎಚ್ಚರಗೊಳ್ಳುತ್ತಿದ್ದವು. ಇವುಗಳನ್ನು ಟಿಎಸ್‌ಆರ್ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತಿದ್ದರು. ಬೋರ್ಲ್ಯಾಂಡ್ ಸಂಸ್ಥೆ 1984ರಲ್ಲಿ ಹೊರತಂದ ‘ಸೈಡ್‌ಕಿಕ್’ ಇವುಗಳಲ್ಲಿ ಬಹಳ ಜನಪ್ರಿಯವಾದದ್ದು. ಉಳಿದೆಲ್ಲ ಟಿಎಸ್‌ಆರ್‌ಗಳ ನಂತರ ಕೊನೆಯಲ್ಲಿ ಅದನ್ನು ಆರಂಭಿಸಬೇಕೆಂಬ ಸಲಹೆ ಬಳಕೆದಾರರಿಗೆ ಚಿರಪರಿಚಿತವಾಗಿತ್ತು.

ಡಾಸ್ ಗಣಕದಲ್ಲಿ ಆರಂಭದ ಕೆಲಸಗಳನ್ನು ಎರಡು ಕಡತಗಳು ನಿರ್ದೇಶಿಸುತ್ತಿದ್ದವು. ‘ಕಾನ್ಫಿಗ್.ಸಿಸ್’ ಕಡತವು ಯಂತ್ರಾಂಶದ ಚಾಲಕಗಳನ್ನು ತುಂಬಿಕೊಳ್ಳುತ್ತಿತ್ತು. ಅದರ ನಂತರ ‘ಆಟೊಎಕ್ಸೆಕ್.ಬ್ಯಾಟ್’ ಕಡತದಲ್ಲಿರುವ ಆಜ್ಞೆಗಳು ಸಾಲುಸಾಲಾಗಿ ನಡೆಯುತ್ತಿದ್ದವು. 1995ರಲ್ಲಿ ಬಂದ ವಿಂಡೋಸ್ 95 ಈ ಕಡತಗಳನ್ನು ಉಳಿಸಿಕೊಂಡು, ‘ಸ್ಟಾರ್ಟ್‌ಅಪ್’ ಕಡತಕೋಶ ಮತ್ತು ‘ರಿಜಿಸ್ಟ್ರಿ’ ಎಂಬ ದತ್ತಸಂಗ್ರಹಗಳ ಮೂಲಕವೂ ತಂತ್ರಾಂಶಗಳನ್ನು ಆರಂಭಿಸುತ್ತಿತ್ತು.

ಸಂಘರ್ಷದ ಕಾರಣಗಳು

ಮೆಮೊರಿಯ ಕೊರತೆ: ಮೊದಲ ಪಿಸಿಯ ಸಂಸ್ಕಾರಕವು 1 ಮೆಗಾಬೈಟ್ ಮೆಮೊರಿಯನ್ನು ಮಾತ್ರ ಗುರುತಿಸಬಲ್ಲದಾಗಿತ್ತು. ಅದರಲ್ಲಿ 640 ಕಿಲೋಬೈಟ್ ಡಾಸ್ ಮತ್ತು ತಂತ್ರಾಂಶಗಳಿಗೆ, ಉಳಿದ 384 ಕಿಲೋಬೈಟ್ ಪರದೆ ಹಾಗೂ ಇತರ ಯಂತ್ರಾಂಶಗಳಿಗೆ ಮೀಸಲಾಗಿತ್ತು. ಚಾಲಕಗಳು ಮತ್ತು ಟಿಎಸ್‌ಆರ್‌ಗಳು ಹೆಚ್ಚಿದಂತೆ ಮುಖ್ಯ ತಂತ್ರಾಂಶಕ್ಕೆ ಸ್ಥಳ ಸಾಲದಾಗುತ್ತಿತ್ತು. 1991ರ ಎಂಎಸ್-ಡಾಸ್ 5.0 ಆವೃತ್ತಿಯು ಚಾಲಕಗಳನ್ನು 640 ಕಿಲೋಬೈಟಿನ ಆಚೆಗೆ ಸಾಗಿಸುವ ಅನುಕೂಲವನ್ನು ಒದಗಿಸಿತು.

ಇಂಟರಪ್ಟ್‌ಗಳ ಹಂಚಿಕೆ: ಮೆಮೊರಿಯ ಮೊದಲ 1024 ಬೈಟ್‌ಗಳಲ್ಲಿ 256 ಇಂಟರಪ್ಟ್‌ಗಳ ವಿಳಾಸಪಟ್ಟಿ ಇರುತ್ತದೆ. ಕೀಲಿಯೊಂದನ್ನು ಒತ್ತಿದಾಗ ಯಾವ ತಂತ್ರಾಂಶಕ್ಕೆ ಸುದ್ದಿ ಮುಟ್ಟಬೇಕೆಂಬುದನ್ನು ಈ ಪಟ್ಟಿ ತಿಳಿಸುತ್ತದೆ. ಟಿಎಸ್‌ಆರ್ ಒಂದು ಪಟ್ಟಿಯಲ್ಲಿ ತನ್ನ ವಿಳಾಸವನ್ನು ಬರೆದು, ಹಿಂದಿನ ವಿಳಾಸವನ್ನು ನೆನಪಿಟ್ಟುಕೊಂಡು, ತನಗೆ ಬೇಡವಾದ ಸುದ್ದಿಯನ್ನು ಅಲ್ಲಿಗೆ ದಾಟಿಸಬೇಕು. ಹಾಗೆ ದಾಟಿಸದಿದ್ದರೆ ಸರಪಳಿ ಕಡಿದು ಮೊದಲಿನ ತಂತ್ರಾಂಶ ಕೆಲಸ ನಿಲ್ಲಿಸುತ್ತದೆ. ಆರಂಭದ ಅನುಕ್ರಮವನ್ನು ಬದಲಿಸಿದರೆ ಕೆಲವೊಮ್ಮೆ ತೊಂದರೆ ಪರಿಹಾರವಾಗುವುದು ಇದರಿಂದಲೇ.

ಯಂತ್ರಾಂಶದ ಸಂಕೇತಮಾರ್ಗ: ಎರಡು ಉಪಕರಣಗಳು ಒಂದೇ ಐಆರ್‌ಕ್ಯೂ ಸಂಖ್ಯೆಯನ್ನು ಬಳಸಿದಾಗಲೂ ಇಂತಹುದೇ ತೊಂದರೆ ಕಾಣಿಸುತ್ತದೆ. ಮೊದಲನೆಯ ಮುದ್ರಕದ್ವಾರಕ್ಕೆ 7ನೆಯ ಸಂಖ್ಯೆ ಮೀಸಲಾಗಿದ್ದು, ಆರಂಭದ ಕೆಲವು ಧ್ವನಿ ಕಾರ್ಡುಗಳಿಗೂ ಅದನ್ನೇ ನಿಗದಿಪಡಿಸಲಾಗಿತ್ತು.

ಕನ್ನಡ ಬಳಕೆಯಲ್ಲಿ

ಕರ್ನಾಟಕದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಡಾಸ್ ಕಾಲದಲ್ಲಿ ಭಾರತೀಯ ಭಾಷೆಗಳಿಗಾಗಿ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಅಳವಡಿಸುವ ಪದ್ಧತಿ ಇತ್ತು. ವಿಂಡೋಸ್ ಬಂದ ಮೇಲೆ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ವ್ಯಾಪಕವಾಗಿ ಬಳಕೆಗೆ ಬಂದವು. ಕಾರ್ಯಾಚರಣ ವ್ಯವಸ್ಥೆಯಲ್ಲಿಯೇ ಕನ್ನಡದ ಸೌಲಭ್ಯ ಇಲ್ಲದಿದ್ದ ಕಾರಣ, ಇತರ ತಂತ್ರಾಂಶಗಳಲ್ಲಿ ಕನ್ನಡ ಬರೆಯಲು ಹಿನ್ನೆಲೆಯಲ್ಲಿ ನಿಂತು ಕೀಲಿಗಳನ್ನು ಗಮನಿಸುವ ಸಾಧನವೊಂದು ಬೇಕಾಗುತ್ತಿತ್ತು. ಒತ್ತಿದ ಇಂಗ್ಲಿಷ್ ಕೀಲಿಗಳನ್ನು ಅದು ಕನ್ನಡ ಅಕ್ಷರಭಾಗಗಳ ಸಂಕೇತಗಳಾಗಿ ಪರಿವರ್ತಿಸುತ್ತಿತ್ತು.

ಇಂತಹ ಎರಡು ಸಾಧನಗಳು ಏಕಕಾಲಕ್ಕೆ ಸಕ್ರಿಯವಾಗಿದ್ದರೆ, ಒಂದು ಪರಿವರ್ತಿಸಿದ ಸಂಕೇತವನ್ನು ಇನ್ನೊಂದು ಮತ್ತೆ ಪರಿವರ್ತಿಸಲು ಹೊರಡಬಹುದು. ಆಗ ಒತ್ತಕ್ಷರ ಅಥವಾ ಗುಣಿತಾಕ್ಷರಗಳು ಕಲಸಿಹೋಗುತ್ತವೆ. ಇದು ಎರಡರಲ್ಲಿ ಯಾವುದೇ ಒಂದರ ದೋಷವೆಂದು ಹೇಳಲಾಗದು. ಒಂದು ಸಲಕ್ಕೆ ಒಂದನ್ನು ಮಾತ್ರ ಸಕ್ರಿಯವಾಗಿಡುವುದು ಇದಕ್ಕೆ ನೇರ ಪರಿಹಾರ.

ಯೂನಿಕೋಡ್ ಬಳಕೆಗೆ ಮುಂಚಿನ ಕಡತಗಳಲ್ಲಿ ಕನ್ನಡವು ನಿರ್ದಿಷ್ಟ ಅಕ್ಷರಶೈಲಿಯ ಸಂಕೇತಗಳಾಗಿ ಉಳಿದಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣುತ್ತವೆ. ಹಳೆಯ ಗಣಕದ ತೊಂದರೆಗೆ ಬೇಸತ್ತು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಲೇಖನ, ಪತ್ರ, ಹಸ್ತಪ್ರತಿಗಳು ನಾಶವಾಗುತ್ತವೆ. ಕಡತಗಳನ್ನು ಮಾತ್ರ ಉಳಿಸಿ ಅಕ್ಷರಶೈಲಿಯನ್ನು ಕಳೆದುಕೊಂಡರೆ ಅವುಗಳನ್ನು ಓದುವುದು ಕಷ್ಟವಾಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಪ್ರತಿ ಮಾಡಿಡುವುದು ಮೊದಲ ಕರ್ತವ್ಯ.

ಪತ್ತೆಹಚ್ಚುವ ವಿಧಾನ

1. ಪ್ರತಿ ತೆಗೆಯುವುದು: ಮುಖ್ಯ ಕಡತಗಳು, ಅಕ್ಷರಶೈಲಿಗಳು ಹಾಗೂ ಎರಡು ಆರಂಭಿಕ ಕಡತಗಳ ನಕಲನ್ನು ಬೇರೆಡೆ ಇಟ್ಟುಕೊಳ್ಳಬೇಕು.

2. ಬರಿಯ ಆರಂಭ: ಎಂಎಸ್-ಡಾಸ್ 6.0 (1993) ಮತ್ತು ನಂತರದ ಆವೃತ್ತಿಗಳಲ್ಲಿ ಆರಂಭದ ಸಂದೇಶ ಕಂಡಾಗ ಎಫ್5 ಒತ್ತಿದರೆ ಎರಡೂ ಆರಂಭಿಕ ಕಡತಗಳು ಬಿಟ್ಟುಹೋಗುತ್ತವೆ. ಎಫ್8 ಒತ್ತಿದರೆ ‘ಕಾನ್ಫಿಗ್.ಸಿಸ್’ ಕಡತದ ಪ್ರತಿ ಸಾಲನ್ನೂ ನಡೆಸಬೇಕೆ ಎಂದು ಯಂತ್ರ ಕೇಳುತ್ತದೆ. ವಿಂಡೋಸ್ 95ರಲ್ಲಿ ಎಫ್8 ಒತ್ತಿ ‘ಸೇಫ್ ಮೋಡ್’ ಆಯ್ದುಕೊಳ್ಳಬಹುದು. ವಿಂಡೋಸ್ 98ರಲ್ಲಿ ‘ಎಂಎಸ್‌ಕಾನ್ಫಿಗ್’ ಎಂಬ ಸಾಧನದ ಮೂಲಕ ಆರಂಭಿಕ ತಂತ್ರಾಂಶಗಳ ಗುರುತನ್ನು ತೆಗೆದುಹಾಕಬಹುದು.

3. ನಿರ್ಣಯ: ಬರಿಯ ಆರಂಭದಲ್ಲಿಯೂ ತೊಂದರೆ ಮುಂದುವರಿದರೆ ಅದು ಆರಂಭಿಕ ತಂತ್ರಾಂಶಗಳ ಸಂಘರ್ಷವಾಗಿರುವ ಸಂಭವ ಕಡಿಮೆ. ಡಿಸ್ಕ್, ಮೆಮೊರಿ ಚಿಪ್ ಮತ್ತು ವಿದ್ಯುತ್ ಪೂರೈಕೆಯನ್ನು ಪರೀಕ್ಷಿಸಬೇಕು. ಬಹುಕಾಲ ಬಳಸದ ಯಂತ್ರದಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಬರಿದಾಗಿ ದಿನಾಂಕ ಹಾಗೂ ಡಿಸ್ಕಿನ ವಿವರಗಳು ಅಳಿದುಹೋಗಿರುವುದೂ ಉಂಟು.

4. ಅರ್ಧಿಸುವ ಕ್ರಮ: ಬರಿಯ ಆರಂಭದಲ್ಲಿ ತೊಂದರೆ ಮಾಯವಾದರೆ ಅರ್ಧದಷ್ಟು ತಂತ್ರಾಂಶಗಳನ್ನು ಮಾತ್ರ ನಡೆಸಿ ನೋಡಬೇಕು. ಆರಂಭಿಕ ಕಡತದ ಸಾಲಿನ ಮುಂದೆ ‘ರೆಮ್’ ಎಂದು ಬರೆದರೆ ಆ ಸಾಲು ನಿಷ್ಕ್ರಿಯವಾಗುತ್ತದೆ, ಅಳಿಯುವುದಿಲ್ಲ. ತೊಂದರೆ ಕಂಡ ಅರ್ಧವನ್ನು ಮತ್ತೆ ಅರ್ಧಿಸುತ್ತ ಹೋಗಬೇಕು. ದೋಷ ಒಂದೇ ತಂತ್ರಾಂಶದಲ್ಲಿದ್ದರೆ 16 ತಂತ್ರಾಂಶಗಳಲ್ಲಿ ಅದನ್ನು 4 ಪರೀಕ್ಷೆಗಳಲ್ಲಿ ಗುರುತಿಸಬಹುದು.

5. ಜೋಡಿಯ ಪತ್ತೆ: ಎರಡೂ ಅರ್ಧಗಳು ಬೇರೆಬೇರೆಯಾಗಿ ಸರಿಯಾಗಿದ್ದು, ಒಟ್ಟಾದಾಗ ಮಾತ್ರ ತೊಂದರೆ ಬಂದರೆ, ಸಂಘರ್ಷದ ಜೋಡಿಯಲ್ಲಿ ಒಂದೊಂದು ತಂತ್ರಾಂಶ ಒಂದೊಂದು ಅರ್ಧದಲ್ಲಿದೆ ಎಂದು ತಿಳಿಯಬೇಕು. ಆಗ ಎರಡನೆಯ ಅರ್ಧವನ್ನು ಪೂರ್ಣವಾಗಿ ಇಟ್ಟುಕೊಂಡು ಮೊದಲನೆಯದನ್ನು ಅರ್ಧಿಸುತ್ತ ಹೋದರೆ ಒಂದು ತಂತ್ರಾಂಶ ಸಿಗುತ್ತದೆ. ಅದನ್ನು ಉಳಿಸಿಕೊಂಡು ಎರಡನೆಯ ಭಾಗವನ್ನು ಅರ್ಧಿಸಿದರೆ ಮತ್ತೊಂದು ಸಿಗುತ್ತದೆ. ಹದಿನಾರು ತಂತ್ರಾಂಶಗಳಲ್ಲಿ 120 ಜೋಡಿಗಳು ಸಾಧ್ಯ. ಈ ಕ್ರಮದಲ್ಲಾದರೆ 8 ಪರೀಕ್ಷೆಗಳು ಸಾಕು.

6. ಮರುಪರೀಕ್ಷೆ: ಸಿಕ್ಕ ಎರಡನ್ನು ಮಾತ್ರ ನಡೆಸಿ ತೊಂದರೆ ಮರುಕಳಿಸುವುದೇ ಎಂದು ನೋಡಬೇಕು. ಮರುಕಳಿಸಿದರೆ ಮಾತ್ರ ನಿರ್ಣಯ ದೃಢವಾಗುತ್ತದೆ.

ಎಚ್ಚರಿಕೆಗಳು

ಕೆಲವು ಸಾಲುಗಳು ಒಂದನ್ನೊಂದು ಅವಲಂಬಿಸಿರುತ್ತವೆ. ‘ಇಎಂಎಂ386’ ನಡೆಯಬೇಕಾದರೆ ಅದಕ್ಕಿಂತ ಮೊದಲು ‘ಹೈಮೆಮ್.ಸಿಸ್’ ಬಂದಿರಬೇಕು. ಸಿ.ಡಿ. ಸಾಧನದ ಚಾಲಕವು ಒಂದು ಕಡತದಲ್ಲಿಯೂ ಅದರ ಜೊತೆಗಾರ ‘ಎಂಎಸ್‌ಸಿಡೆಕ್ಸ್’ ಇನ್ನೊಂದು ಕಡತದಲ್ಲಿಯೂ ಇರುತ್ತದೆ. ಒಂದನ್ನು ಮಾತ್ರ ತಡೆದರೆ ಹೊಸ ದೋಷಸಂದೇಶ ಬಂದು ಪರೀಕ್ಷೆ ದಾರಿ ತಪ್ಪುತ್ತದೆ. ಇಂತಹವನ್ನು ಒಂದೇ ಗುಂಪಾಗಿ ಪರಿಗಣಿಸಬೇಕು. ಪ್ರತಿ ಬದಲಾವಣೆ ಮತ್ತು ಅದರ ಫಲಿತಾಂಶವನ್ನು ಕಾಗದದ ಮೇಲೆ ಬರೆದಿಡಬೇಕು. ಹಲವು ಬಾರಿ ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ಯಾವುದನ್ನು ಬದಲಿಸಲಾಯಿತೆಂಬುದು ನೆನಪಿನಲ್ಲಿ ಉಳಿಯುವುದು ಕಷ್ಟ.

ಪರಿಹಾರಗಳು

ಸಂಘರ್ಷದ ಜೋಡಿ ತಿಳಿದ ಬಳಿಕ ನಾಲ್ಕು ಮಾರ್ಗಗಳಿವೆ: ಆರಂಭದ ಅನುಕ್ರಮವನ್ನು ಬದಲಿಸುವುದು, ಒಂದರ ಹೊಸ ಆವೃತ್ತಿಯನ್ನು ಅಳವಡಿಸುವುದು, ಒಂದರ ಕೀಲಿ ಅಥವಾ ಐಆರ್‌ಕ್ಯೂ ಸಂಖ್ಯೆಯನ್ನು ಬದಲಿಸುವುದು, ಇಲ್ಲವೇ ಒಂದನ್ನು ಆರಂಭದ ಪಟ್ಟಿಯಿಂದ ತೆಗೆದು ಬೇಕಾದಾಗ ಮಾತ್ರ ನಡೆಸುವುದು. ಎಂಎಸ್-ಡಾಸ್ 6.0 ಮತ್ತು ನಂತರದ ಆವೃತ್ತಿಗಳಲ್ಲಿ ಆರಂಭದ ಆಯ್ಕೆಪಟ್ಟಿಯನ್ನು ರಚಿಸಿ, ಬೇರೆಬೇರೆ ಕೆಲಸಗಳಿಗೆ ಬೇರೆಬೇರೆ ಚಾಲಕಗಳನ್ನು ಆರಿಸಿಕೊಳ್ಳುವ ಅವಕಾಶವೂ ಇತ್ತು.

ಇತರ ಗಣಕಗಳಲ್ಲಿ

ಆಪಲ್ ಸಂಸ್ಥೆಯ ಮ್ಯಾಕಿಂತೋಷ್ ಗಣಕಗಳಲ್ಲಿ ಇದೇ ಸ್ಥಾನದಲ್ಲಿ ‘ಎಕ್ಸ್‌ಟೆನ್ಶನ್’ಗಳಿದ್ದವು. 1991ರ ಸಿಸ್ಟಂ 7ರಲ್ಲಿ ಇವುಗಳಿಗೆ ಪ್ರತ್ಯೇಕ ಕಡತಕೋಶ ಬಂದಿತು. ಆರಂಭದಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದರೆ ಅವೆಲ್ಲವೂ ನಿಷ್ಕ್ರಿಯವಾಗುತ್ತಿದ್ದವು. ಅವು ಹೆಸರಿನ ಅಕ್ಷರಾನುಕ್ರಮದಲ್ಲಿ ಆರಂಭವಾಗುತ್ತಿದ್ದುದರಿಂದ, ಹೆಸರಿನ ಮುಂದೆ ಒಂದು ಖಾಲಿ ಜಾಗ ಅಥವಾ ಚಿಹ್ನೆಯನ್ನು ಸೇರಿಸಿ ಅನುಕ್ರಮವನ್ನು ಬದಲಿಸುವುದು ರೂಢಿಯಲ್ಲಿತ್ತು. ಸಂಘರ್ಷವನ್ನು ಅರ್ಧಿಸುವ ಕ್ರಮದಲ್ಲಿ ತಾನಾಗಿಯೇ ಹುಡುಕಿಕೊಡುವ ‘ಕಾನ್‌ಫ್ಲಿಕ್ಟ್ ಕ್ಯಾಚರ್’ ಎಂಬ ತಂತ್ರಾಂಶವೂ ಮ್ಯಾಕಿಂತೋಷ್ ಬಳಕೆದಾರರಿಗೆ ಲಭ್ಯವಿತ್ತು.